ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಓದಿ

ಕುವೆಂಪುನಗರದ ನಮ್ಮ ಗುಂಪಿನ ಎಲ್ಲರಿಗೂ ನಮಸ್ಕಾರ.

ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದು, ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು ನಮ್ಮಲ್ಲಿ ಜಾಸ್ತಿ. ಹೊಸದೇನನ್ನೂ ಕೊಳ್ಳುವ ಮೊದಲು ಅವರ ಫೋನನ್ನು ಸರಿಮಾಡಿ ಕೊಡಿ.

ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ‘ಎಮರ್ಜೆನ್ಸಿ’ ಎಂದು ಹುಡುಕಿ. ಎಸ್‌ಒಎಸ್ ಆನ್ ಮಾಡಿದರೆ, ಪವರ್ ಬಟನ್ ಐದು ಸಲ ಬೇಗಬೇಗ ಒತ್ತಿದಾಗ ತುರ್ತು ಕರೆ ಹೋಗುತ್ತದೆ. ರಕ್ತದ ಗುಂಪು, ತಗೊಳ್ಳುವ ಮಾತ್ರೆ, ಮಕ್ಕಳ ನಂಬರನ್ನೂ ಅಲ್ಲೇ ತುಂಬಿಸಿ. ಫೋನ್ ಲಾಕ್ ಆಗಿದ್ದರೂ ಬೇರೆಯವರು ಅದನ್ನು ನೋಡಬಹುದು.

ಆದರೆ ಬಾತ್‌ರೂಮಲ್ಲಿ ಬಿದ್ದವರಿಗೆ ಹಾಲ್‌ನಲ್ಲಿರುವ ಫೋನ್ ಸಿಗುವುದಿಲ್ಲ, ಅಲ್ವಾ? ಕೆಲವು ಸ್ಮಾರ್ಟ್ ವಾಚ್‌ಗಳು ಬಿದ್ದದ್ದನ್ನು ತಾವೇ ಗುರುತಿಸಿ ಕರೆ ಮಾಡುತ್ತವೆ. ಪ್ರತಿ ಸಲವೂ ಗುರುತಿಸುತ್ತವೆ ಎಂದು ನಂಬಿ ಕೂರಬೇಡಿ. ವಾಚನ್ನು ರಾತ್ರಿ ಚಾರ್ಜಿಗೆ ಹಾಕಬೇಡಿ, ಕತ್ತಲಲ್ಲಿ ಎದ್ದು ಓಡಾಡುವಾಗಲೇ ಅದು ಕೈಯಲ್ಲಿರಬೇಕು. ಮಂಚದಿಂದ ಬಾತ್‌ರೂಮಿನವರೆಗೆ ನಡೆದಾಗ ತಾನೇ ಹತ್ತುವ ಸೆನ್ಸರ್ ಲೈಟ್ ಹಾಕಿಸಿ. ನನ್ನ ಪ್ರಕಾರ ಮೊದಲು ಖರ್ಚು ಮಾಡಬೇಕಾದ್ದು ಇದಕ್ಕೇ.

ಕ್ಯಾಮೆರಾ ಹಾಕುವುದಾದರೆ ಅವರನ್ನು ಕೇಳಿಯೇ ಹಾಕಿ. ಅದು ಅವರ ಮನೆ.

ಈ ನಂಬರ್‌ಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ: ಯಾವುದೇ ತುರ್ತಿಗೆ 112, ಆಂಬುಲೆನ್ಸ್ 108, ಗ್ಯಾಸ್ ಸೋರಿದರೆ 1906, ಫೋನಲ್ಲಿ ದುಡ್ಡು ವಂಚನೆಯಾದರೆ 1930, ಹಿರಿಯರ ಸಹಾಯವಾಣಿ 14567.

ಸೆಟ್ಟಿಂಗ್ ಗೊತ್ತಾಗದವರು ಇಲ್ಲೇ ಹೇಳಿ. ಭಾನುವಾರ ಬೆಳಿಗ್ಗೆ ಮನೆಗೆ ಬಂದು ಮಾಡಿಕೊಡುತ್ತೇನೆ.