ಲೆಕ್ಕ ಸೋರುವ ಜಾಗ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ವೈಜ್ಞಾನಿಕ ಕಾದಂಬರಿಗಳಲ್ಲಿ ಯಾವುದನ್ನು ಮೊದಲು ಓದಲಿ ಅಂತ ಕೇಳಿದ್ದೀಯ. ಆಂಡಿ ವಿಯರ್ ಬರೆದ ‘ದಿ ಮಾರ್ಷಿಯನ್’ನಿಂದ ಶುರು ಮಾಡು. ಸಿನಿಮಾ ನೋಡಿದ್ದೇನೆ, ಕಥೆ ಗೊತ್ತು ಅಂತ ಬದಿಗಿಡಬೇಡ. ಅಲ್ಲಿ ಸರಸರನೆ ದಾಟಿಹೋಗುವ ನೀರಿನ ಲೆಕ್ಕವೇ ಪುಸ್ತಕದ ಜೀವಾಳ.

ಮಂಗಳದಲ್ಲಿ ಒಬ್ಬನೇ ಉಳಿದ ಗಗನಯಾತ್ರಿ ಮಾರ್ಕ್ ವಾಟ್ನಿ ಹತ್ತಿರ ಬೆಳೆ ತೆಗೆಯುವುದಕ್ಕೆ ಇರುವುದು 12 ಆಲೂಗಡ್ಡೆ. ಅವನ ಡೇರೆಮನೆಯ ನೆಲ 92 ಚದರ ಮೀಟರ್. ಅದರ ಮೇಲೆ 10 ಸೆಂ.ಮೀ. ಮಣ್ಣು ಹರಡಿದರೆ 9.2 ಘನ ಮೀಟರ್ ಆಯಿತು. ಒಂದೊಂದು ಘನ ಮೀಟರ್ ಹದವಾಗುವುದಕ್ಕೆ 40 ಲೀಟರ್ ನೀರು ಬೇಕು, ಅಂದರೆ ಒಟ್ಟು 368 ಲೀಟರ್. ಇರುವುದು 300 ಲೀಟರ್, ಕುಡಿಯುವುದಕ್ಕೂ ಅದೇ. ಆಗ ಅವನ ಕಣ್ಣು ಇಳಿದುಬಂದ ನೌಕೆಯಲ್ಲಿ ಮಿಕ್ಕಿರುವ ಹೈಡ್ರಜೀನ್ ಅನ್ನುವ ಇಂಧನದ ಮೇಲೆ ಬೀಳುತ್ತೆ. ಇರಿಡಿಯಂ ಲೋಹದ ಮೇಲೆ ಹನಿಹನಿಯಾಗಿ ಬಿಟ್ಟರೆ ಅದು ಒಡೆಯುತ್ತೆ. ಪೆನ್ನು ಹಿಡಿದು ನೀನೇ ನೋಡು: 32 ಕೆ.ಜಿ. ಹೈಡ್ರಜೀನ್‌ನಿಂದ 28 ಕೆ.ಜಿ. ಸಾರಜನಕ, 4 ಕೆ.ಜಿ. ಜಲಜನಕ. ಆ 4 ಕೆ.ಜಿ. ಉರಿಯುವುದಕ್ಕೆ 32 ಕೆ.ಜಿ. ಆಮ್ಲಜನಕ ಬೇಕು. ಸಿಗುವ ನೀರು 36 ಲೀಟರ್. ಆಮ್ಲಜನಕವನ್ನು ಮಂಗಳದ ಇಂಗಾಲದ ಡೈಆಕ್ಸೈಡಿನಿಂದಲೇ ತೆಗೆಯುತ್ತಾನೆ. ಎಲ್ಲ ಸರಿಯಾಗಿಯೇ ಇದೆ ಅನ್ನಿಸುವಾಗ ಲೆಕ್ಕ ಸೋರುತ್ತೆ. ಉರಿಯದೆ ಉಳಿದ ಜಲಜನಕ ಡೇರೆ ತುಂಬ ಹರಡಿಕೊಂಡಿದೆ. ಸ್ಫೋಟ ಆಗಬಾರದು ಅಂತ ಒಳಗಿನ ಆಮ್ಲಜನಕ ತೆಗೆಸಿ, ಮಾಸ್ಕ್ ಹಾಕಿಕೊಂಡು, ಜಲಜನಕವನ್ನು ಸ್ವಲ್ಪಸ್ವಲ್ಪವೇ ಸುಡುತ್ತಾನೆ. ಮರೆತದ್ದು ಒಂದೇ: ಮಾಸ್ಕಿನಲ್ಲಿ ಎಳೆದುಕೊಂಡ ಆಮ್ಲಜನಕವನ್ನೆಲ್ಲ ಶ್ವಾಸಕೋಶ ಬಳಸಿಕೊಳ್ಳುವುದಿಲ್ಲ. ಬಿಟ್ಟ ಉಸಿರಿನ ಜೊತೆ ಅದರ ಬಹುಪಾಲು ಹೊರಗೆ ಬರುತ್ತೆ. ತನ್ನ ಉಸಿರಿನಿಂದಲೇ ಡೇರೆಯೊಳಗೆ ಸಿಡಿಮದ್ದು ತುಂಬುತ್ತಾ ಕೂತಿದ್ದಾನೆ!

ಈ ಬಗೆಯ ಕಾದಂಬರಿಯಲ್ಲಿ ನಾನು ಹುಡುಕುವುದು ಇದನ್ನೇ. ಅನಾಹುತಕ್ಕೆ ಕಾರಣ ಓದುಗನ ಕಣ್ಣೆದುರೇ ಇರಬೇಕು, ಆದರೂ ಅವನಿಗೆ ಹೊಳೆದಿರಬಾರದು.

ಹಾಗಂತ ಈ ಪುಸ್ತಕದಲ್ಲಿ ದೋಷವಿಲ್ಲ ಅನ್ನುವಂತಿಲ್ಲ. ಕಥೆಯನ್ನು ಶುರು ಮಾಡುವ ಬಿರುಗಾಳಿಯೇ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಗಂಟೆಗೆ 175 ಕಿ.ಮೀ. ಅಂತಾರೆ, ಆದರೆ ಮಂಗಳದ ಗಾಳಿಯ ಸಾಂದ್ರತೆ ನಮ್ಮದರ ಸುಮಾರು ಅರವತ್ತರಲ್ಲಿ ಒಂದು ಪಾಲು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುವುದರಿಂದ, ಅಲ್ಲಿನ 175 ಇಲ್ಲಿನ 22-23 ಕಿ.ಮೀ. ಗಾಳಿಗೆ ಸಮ. ಒಣಹಾಕಿದ ಪಂಚೆ ಪಟಪಟ ಅನ್ನಬಹುದು, ನೌಕೆ ವಾಲುವುದಿಲ್ಲ. ಇದು ತಿಳಿದೇ ಹಾಗೆ ಬರೆದೆ ಅಂತ ವಿಯರ್ ಒಪ್ಪಿಕೊಂಡಿದ್ದಾರೆ. ಮಣ್ಣಿನದು ಇನ್ನೊಂದು ಕೊರತೆ. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಲವಣ ಇರುವುದನ್ನು ಕಂಡುಹಿಡಿಯಿತು. ಅದು ಥೈರಾಯ್ಡಿಗೆ ಕೆಟ್ಟದ್ದು. ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಮಣ್ಣನ್ನು ತೊಳೆದು ತೆಗೆಯಬಹುದು, ಆದರೆ ಅದಕ್ಕೂ ನೀರೇ ಬೇಕಲ್ಲ!

ಅದೇ ಲೇಖಕರ ‘ಪ್ರಾಜೆಕ್ಟ್ ಹೇಲ್ ಮೇರಿ’ 2021ರದ್ದು. ಮೊದಲ ಅಧ್ಯಾಯಗಳಲ್ಲೇ ಮನಸ್ಸು ಗೆಲ್ಲುತ್ತೆ. ತಾನು ಯಾರು, ಎಲ್ಲಿದ್ದೇನೆ ಅಂತ ನೆನಪಿಲ್ಲದ ಮನುಷ್ಯ ವಸ್ತುಗಳನ್ನು ಬೀಳಿಸಿ ಸಮಯ ಅಳೆಯುತ್ತಾನೆ. ಒಂದು ಮೀಟರ್ ಎತ್ತರದಿಂದ ಬಿದ್ದದ್ದು ಭೂಮಿಯಲ್ಲಾದರೆ ನೆಲ ಮುಟ್ಟುವುದಕ್ಕೆ 0.45 ಸೆಕೆಂಡ್ ಬೇಕು. ಅವನಿರುವಲ್ಲಿ ಗುರುತ್ವ ಒಂದೂವರೆ ಪಟ್ಟು, ಹಾಗಾಗಿ 0.37 ಸಾಕು. ಆ ಪುಟ್ಟ ವ್ಯತ್ಯಾಸದಿಂದಲೇ ತಾನು ಭೂಮಿಯಲ್ಲಿಲ್ಲ ಅಂತ ಅವನಿಗೆ ಗೊತ್ತಾಗುತ್ತೆ. ಕೊನೆಯ ತಿರುವನ್ನು ಹೇಳುವುದಿಲ್ಲ. ಒಂದು ಸುಳಿವು ಮಾತ್ರ ಕೊಡುತ್ತೇನೆ: ಸೂಕ್ಷ್ಮಜೀವಿಗಳನ್ನು ಸಾರಜನಕಕ್ಕೆ ಒಗ್ಗಿಸಿ ಬೆಳೆಸುವ ಭಾಗ ಬಂದಾಗ, ಆ ತೊಟ್ಟಿ ಯಾವುದರಿಂದ ಮಾಡಿದ್ದು ಅಂತ ಗಮನಿಸುತ್ತಾ ಓದು. ಆಂಟಿಬಯೋಟಿಕ್ ಮಾತ್ರೆಯ ಕೋರ್ಸ್ ಅರ್ಧಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಹೇಗೆ ಗಟ್ಟಿಯಾಗುತ್ತೆ ಅಂತ ಗೊತ್ತಿರುವವನಿಗೆ ಅಲ್ಲಿ ಮೈ ಜುಮ್ಮೆನ್ನಬೇಕು.

ಲಿಯು ಸಿಶಿನ್ ಅವರ ‘ದಿ ಥ್ರೀ ಬಾಡಿ ಪ್ರಾಬ್ಲಮ್’ ಬಗ್ಗೆ ನನ್ನ ಮಾತು ಅರ್ಧ ಮೆಚ್ಚುಗೆ, ಅರ್ಧ ತಕರಾರು. ಚೀನೀ ಪುಸ್ತಕದಲ್ಲಿ ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯ ಭಾಗ ನಡುವೆ ಅಡಗಿದೆ. ಕೆನ್ ಲಿಯು ಅವರ 2014ರ ಇಂಗ್ಲಿಷ್ ಅನುವಾದದಲ್ಲಿ ಅದು ಶುರುವಿಗೆ ಬಂದಿದೆ. ಅದೇ ಸರಿ, ಕಥೆಯ ವಿಜ್ಞಾನಿ ಯೆ ವೆನ್‌ಜಿಯೆಯ ಎದೆ ಯಾಕೆ ಕಲ್ಲಾಯಿತು ಅಂತ ಮೊದಲೇ ತಿಳಿಯುತ್ತೆ. ಮೂರು ಸೂರ್ಯರ ಲೋಕದ ಜನ ಕೆಟ್ಟ ಕಾಲ ಬಂದಾಗ ಮೈಯ ನೀರನ್ನೆಲ್ಲ ಬಿಟ್ಟು ಒಣಗಿ ಸುರುಳಿಯಾಗುತ್ತಾರೆ. ಒಳ್ಳೆಯ ಕಾಲಕ್ಕೆ ನೆನೆಸಿದರೆ ಮತ್ತೆ ಜೀವ. ಮೂರು ಕೋಟಿ ಸೈನಿಕರನ್ನು ನಿಲ್ಲಿಸಿ ಕಂಪ್ಯೂಟರ್ ಮಾಡುವ ದೃಶ್ಯವನ್ನಂತೂ ಮಕ್ಕಳಿಗೆ ಪಾಠ ಮಾಡಬಹುದು: ಇಬ್ಬರೂ ಕಪ್ಪು ಬಾವುಟ ಎತ್ತಿದರೆ ಮಾತ್ರ ಮೂರನೆಯವನು ಕಪ್ಪು ಎತ್ತಬೇಕು, ಇಲ್ಲದಿದ್ದರೆ ಬಿಳಿ. ಕಂಪ್ಯೂಟರಿನೊಳಗೆ ಹೌದು-ಅಲ್ಲ ನಿರ್ಧರಿಸುವ ಒಂದು ಗೇಟ್ ಅಂದರೆ ಅಷ್ಟೇ.

ತಕರಾರು ಇಲ್ಲಿದೆ. ಕಾದಂಬರಿಯ ಆ ಮೂರು ಸೂರ್ಯರು ಅಂದರೆ ಆಲ್ಫಾ ಸೆಂಟಾರಿ ಅನ್ನುವ ನಕ್ಷತ್ರಗಳ ಗುಂಪು. ನಿಜವಾದ ಆಲ್ಫಾ ಸೆಂಟಾರಿಯಲ್ಲಿ ಎರಡು ನಕ್ಷತ್ರಗಳು ಸುಮಾರು 80 ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಮೂರನೆಯದಾದ ಪ್ರಾಕ್ಸಿಮಾ 0.2 ಜ್ಯೋತಿರ್ವರ್ಷ ಆಚೆ ತನ್ನ ಪಾಡಿಗಿದೆ. ಕಾದಂಬರಿಯಲ್ಲಿ ಸೂರ್ಯರ ಚಲನೆಗಿರುವ ಗೊಂದಲ ಅಲ್ಲಿಲ್ಲ. ಇದನ್ನು ಕಥೆಗಾಗಿ ಒಪ್ಪಿಬಿಡಬಹುದು. ಆದರೆ ಪ್ರೋಟಾನನ್ನೇ ಬಿಡಿಸಿ ಮಾಡಿದ ‘ಸೋಫಾನ್’ ಅನ್ನುವ ಕಂಪ್ಯೂಟರ್ ಬಂದ ಮೇಲೆ ಕಥೆಯ ಹಿಡಿತ ಸಡಿಲವಾಗುತ್ತೆ. ತಯಾರಿಸುವಾಗ ಸೋಲುಗಳಿವೆ, ಆ ಪುಟಗಳು ಚೆನ್ನಾಗಿವೆ. ತಯಾರಾದ ಮೇಲೆ ಅದಕ್ಕೆ ಸಾಧ್ಯವಾಗದ್ದೇ ಇಲ್ಲ ಅನ್ನಿಸುತ್ತೆ.

ಇನ್ನು ಫ್ಯಾಂಟಸಿ. ಅದರಲ್ಲಿ ಲೆಕ್ಕ ಇರುವುದಿಲ್ಲ ಅಂತ ನೀನು ಹೇಳುತ್ತಿರುತ್ತೀಯಲ್ಲ, ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಓದು. 1968ರ ಪುಸ್ತಕ, ತೆಳ್ಳಗಿದೆ. ಅಲ್ಲಿ ಪ್ರತಿಯೊಂದಕ್ಕೂ ನಿಜವಾದ ಹೆಸರೊಂದು ಇದೆ, ಅದು ಗೊತ್ತಿದ್ದವನಿಗೆ ಮಾತ್ರ ಅದರ ಮೇಲೆ ಹಿಡಿತ. ಕಡಲಿಗೆ ಮಂತ್ರ ಹಾಕಬೇಕಾದರೆ ‘ಕಡಲು’ ಅಂದರೆ ಸಾಲದು. ಒಂದೊಂದು ಕೊಲ್ಲಿ, ಒಂದೊಂದು ತೀರದ ಹೆಸರೂ ಬೇಕು. ಕಲಿಯುವ ಹುಡುಗರು ದಿನವಿಡೀ ಹೆಸರಿನ ಪಟ್ಟಿ ಬಾಯಿಪಾಠ ಮಾಡಬೇಕು. ಮಧ್ಯರಾತ್ರಿಗೆ ಶಾಯಿ ಮಾಸಿ ಹಾಳೆ ಬರಿದಾಗುತ್ತೆ. ರಾತ್ರಿ ಹೊತ್ತು ಹಾವು ಅನ್ನದೆ ‘ಹುಳ’ ಅನ್ನುವ, ಗಂಡನ ಹೆಸರು ಹೇಳದ ಅಜ್ಜಿಯರ ನಾಡಿನವರಿಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಲೆಯೂ ಅಷ್ಟೇ ಕಟ್ಟುನಿಟ್ಟು. ರೂಪ ಬದಲಿಸಿ ಹೆಚ್ಚು ಹೊತ್ತು ಇದ್ದರೆ ಮನಸ್ಸೂ ಆ ರೂಪಕ್ಕೆ ಒಗ್ಗಿಬಿಡುತ್ತೆ. ಕರಡಿಯಾಗಿ ಸುಖ ಕಂಡ ಮಾಂತ್ರಿಕನೊಬ್ಬ ಕರಡಿಯೇ ಆಗಿ ತನ್ನ ಮಗನನ್ನೇ ಕೊಂದ ಕಥೆ ಅಲ್ಲಿ ಬರುತ್ತೆ. ಕಥಾನಾಯಕ ಗೆಡ್ ಗಿಡುಗನಾಗಿ ಕಡಲು ದಾಟಿ ಗುರುವಿನ ಕೈಮೇಲೆ ಬಂದು ಕೂತಾಗ ಅವನಿಗೆ ಮನುಷ್ಯರ ಮಾತು ಮರೆತಿರುತ್ತೆ. ಗುರು ಓಗಿಯನ್ ಅವನನ್ನು ಗುರುತಿಸಿ ಮನುಷ್ಯರೂಪಕ್ಕೆ ತರುತ್ತಾನೆ, ಬಯ್ಯುವುದಿಲ್ಲ. ಆ ಎರಡು ಪುಟಗಳಿಗಾಗಿಯಾದರೂ ಓದು. ಗೆಡ್‌ನ ಮೈಬಣ್ಣ ಕೆಂಪುಗಂದು ಅನ್ನುವುದನ್ನು ನೆನಪಿಡು. ಎಷ್ಟೋ ಮುಖಪುಟಗಳು ಅವನನ್ನು ಬಿಳಿಯನನ್ನಾಗಿ ಮಾಡಿದ್ದವು, ಲೇಖಕಿಗೆ ಅದರ ಬಗ್ಗೆ ಕೋಪವಿತ್ತು.

ಥ್ರೀ ಬಾಡಿಯನ್ನು ಕೊನೆಗೆ ಇಟ್ಟುಕೋ. ಓದುವಾಗ ಪಾತ್ರಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೋ, ಚೀನೀ ಹೆಸರುಗಳಲ್ಲಿ ಮನೆತನದ ಹೆಸರೇ ಮೊದಲು ಬರುತ್ತೆ. ಮಾರ್ಷಿಯನ್‌ನಲ್ಲಿ ಸ್ಫೋಟದ ಪುಟ ತಲುಪಿದ ದಿನ ಬರೆ. ಉಸಿರಿನ ವಿಷಯ ನಾನು ಹೇಳಿರದಿದ್ದರೆ ನಿನಗೆ ಹೊಳೆಯುತ್ತಿತ್ತೇ?

ನಿನ್ನ ಗೆಳೆಯ