ಗೇಣಿ ಚೀಟಿಗಳ ಡಬ್ಬಿ

ಉಡುಪಿ, ಭಾನುವಾರ ಸಂಜೆ

ಪ್ರೀತಿಯ ಮಗಳೇ,

ಮಂಗಳೂರಿನ ಸೀನಿಯರ್ ವಕೀಲರು ಮೊದಲ ವಾರವೇ ಮೂಲಗೇಣಿ, ಅಂದರೆ ಶಾಶ್ವತ ಗೇಣಿಯ, ಜಾಗದ ಹಳೆಯ ಫೈಲು ಕೊಟ್ಟರೆಂದು ನೀನು ಗೊಣಗಿದೆ. ವ್ಯಾಪಾರದ ವ್ಯಾಜ್ಯಗಳಲ್ಲಿ ಜೀವವಿದೆ, ಜಾಗದ ದಾವೆಯೆಂದರೆ ಬರೀ ಧೂಳು ಎಂದೆ. ಫೋನಿನಲ್ಲಿ ವಾದಿಸಿದರೆ ನೀನೇ ಗೆಲ್ಲುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಜ್ಜ ಚಾಲಗೇಣಿ ಒಕ್ಕಲು, ಅಂದರೆ ಶಾಶ್ವತ ಹಕ್ಕಿಲ್ಲದ ಗೇಣಿದಾರ. 1974ರ ಭೂಸುಧಾರಣೆ ಬಂದಾಗ ಊರಿನ ಉಳಿದವರಂತೆ ಅವರೂ, ತಾನು ಉಳುವ ಜಮೀನು ತನಗೇ ಸೇರಬೇಕೆಂದು ಡಿಕ್ಲರೇಷನ್ ಅರ್ಜಿ ಕೊಟ್ಟರು. ಜಮೀನಿನ ಧನಿಗಳು ‘ಇವನು ಒಕ್ಕಲಲ್ಲ, ಕೂಲಿಯಾಳು’ ಎಂದುಬಿಟ್ಟರು. ಇಂಥ ಅರ್ಜಿ ತೀರ್ಮಾನಿಸುವ ಭೂ ನ್ಯಾಯಮಂಡಳಿಯಲ್ಲಿ ಆಗ ವಕೀಲರು ವಾದಿಸುವಂತಿರಲಿಲ್ಲ. ಆ ನಿಷೇಧವನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 1987ರಲ್ಲಿ. ಅಜ್ಜನಿಗೆ ಓದು ಬಾರದು. ಅಜ್ಜಿ ಮಾತ್ರ ವರ್ಷವರ್ಷದ ಗೇಣಿ ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ, ಗೆದ್ದಲು ಹಿಡಿಯದಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಏಳನೆಯ ತರಗತಿಯ ನಾನು ಅಜ್ಜನ ಪಕ್ಕ ನಿಂತು ಒಂದೊಂದನ್ನೇ ಓದಿದೆ: ಇಂಥ ವರ್ಷ, ಇಷ್ಟು ಮುಡಿ ಅಕ್ಕಿ ಸಂದಿದೆ, ಧನಿಗಳ ರುಜು. ನಾಲ್ಕನೆಯ ಚೀಟಿಗೇ ಧನಿಗಳ ಕಡೆಯವರು ಕಿಟಕಿಯಾಚೆ ನೋಡತೊಡಗಿದರು. ನನ್ನ ಮೊದಲ ಕೇಸು ಅದೇ. ಫೀಸು, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಗೋಳಿಬಜೆ.

ಇನ್ನು ನಿನ್ನ ವ್ಯಾಪಾರದ ವ್ಯಾಜ್ಯ. ವಕೀಲಿಕೆಯ ಆರಂಭದಲ್ಲಿ ಇಬ್ಬರು ಗೆಳೆಯರ ಹಂಚಿನ ವ್ಯಾಪಾರದ ಜಗಳ ನನ್ನಲ್ಲಿಗೆ ಬಂತು. ಪಾಲುದಾರಿಕೆ ನೋಂದಣಿಯಾಗಿರಲಿಲ್ಲ. ನೋಂದಣಿಯಿಲ್ಲದ ಪಾಲುದಾರರು ಒಪ್ಪಂದದ ಹಕ್ಕಿಗಾಗಿ ದಾವೆ ಹೂಡದಂತೆ 1932ರ ಪಾಲುದಾರಿಕೆ ಕಾಯಿದೆಯ 69ನೆಯ ಕಲಮು ಅಡ್ಡ ಬರುತ್ತದೆಂದು ತಿಳಿದು, ಪಾಲುದಾರಿಕೆಯ ವಿಸರ್ಜನೆಗೂ ಲೆಕ್ಕಕ್ಕೂ ದಾವೆ ಹೂಡಿದೆ. ಅದಕ್ಕೆ ಆ ಕಲಮು ತಡೆಯಲ್ಲ. ಬುದ್ಧಿವಂತಿಕೆ ಮಾಡಿದೆನೆಂದು ಬೀಗಿದೆ. ಆದರೆ ಅಂಗಡಿ ನಿಂತಿರುವ ಜಾಗ ಯಾರದೆಂದು ಕೇಳಲೇ ಇಲ್ಲ. ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿಯುವ ಅಳಿಯಸಂತಾನದ ಮನೆತನ, ಜಾಗ ಒಬ್ಬ ಪಾಲುದಾರನ ಅಕ್ಕಂದಿರ ಕವರಿನದು, ಅಂದರೆ ಕುಟುಂಬದ ಅವರ ಕವಲಿನದು. ಎರಡನೆಯ ವರ್ಷ ಅವರು ಕೋರ್ಟಿಗೆ ಬಂದು, ನಮ್ಮ ನೆಲದ ಕಟ್ಟಡವನ್ನು ನಿಮ್ಮ ಲೆಕ್ಕದಲ್ಲಿ ಸೇರಿಸಿದವರು ಯಾರು ಎಂದರು. ಸೇರಿಸಿದವನು ನಾನೇ. ಅಲ್ಲಿಂದ ಮುಂದೆ ನಾಲ್ಕು ವರ್ಷ ಬರೀ ವಾಯಿದೆ. ಕಕ್ಷಿದಾರ ಒಂದು ದಿನವೂ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು.

ಈಗ ನಿನ್ನ ಫೈಲು. ಮೂಲಗೇಣಿದಾರರಿಗೆ ಒಡೆತನ ಕೊಡುವ 2011ರ ಕಾಯಿದೆಯನ್ನು ಆಮೇಲೆ ಓದು. ಮೊದಲು ಮೂಲಗೇಣಿ ಚೀಟಿಯನ್ನೇ ಅಕ್ಷರಕ್ಷರ ಓದು: ಯಾರು, ಯಾರಿಗೆ, ಎಷ್ಟು ಗೇಣಿಗೆ, ಬೇರೆಯವರಿಗೆ ಪರಭಾರೆ ಮಾಡಬಾರದೆಂಬ ಶರತ್ತು ಇದೆಯೋ ಇಲ್ಲವೋ. ಹಳೆಯ ಬರಹ ಬಿಡಿಸಲಾಗದಿದ್ದರೆ ಫೋಟೋ ಕಳಿಸು. ಸೀನಿಯರ್ ಒಪ್ಪಿದರೆ ಜಾಗವನ್ನೂ ನೋಡಿ ಬಾ, ನೆರೆಮನೆಯ ಹಿರಿಯರಲ್ಲಿ ಮಾತಾಡು. ನಕ್ಷೆಯಲ್ಲಿ ನೇರ ಕಾಣುವ ಗಡಿ ಅಲ್ಲಿ ಹಲಸಿನ ಮರ ಸುತ್ತಿ ಹೋಗಿರುತ್ತದೆ.

ಶನಿವಾರ ಬರುವೆಯಾದರೆ ಒದ್ದೆಯಾದರೂ ಸರಿಯೆನ್ನುವ ಚಪ್ಪಲಿ ಹಾಕಿಕೊಂಡು ಬಾ. ಬ್ರಹ್ಮಾವರದ ಕಡೆ ಬೈಲಿನಲ್ಲಿ ಒಂದು ಗಡಿ ತಕರಾರು ಇದೆ, ಜೊತೆಗೇ ಹೋಗೋಣ. ಅಜ್ಜಿಯ ಡಬ್ಬಿ ನನ್ನ ಕಚೇರಿಯ ಮೇಜಿನ ಮೇಲೆಯೇ ಇದೆ. ಮುಚ್ಚಳ ತುಕ್ಕು ಹಿಡಿದಿದೆ, ತೆರೆಯುವಾಗ ಬೆರಳು ಜೋಪಾನ.

ನಿನ್ನ ಅಪ್ಪ