ಮನಾಲಿ ಪ್ರಯಾಣ: ಕಾರು, ಸಾಮಾನುಗಳ ಸಿದ್ಧತೆ

ಎಲ್ಲರಿಗೂ ನಮಸ್ಕಾರ. ಮನಾಲಿ ಬಳಿಯ ಸೋಲಂಗ್ ಕಣಿವೆಯ ಸ್ಕೀಯಿಂಗಿಗೆ ಹೊರಟಿರುವ ಮೂರೂ ಕಾರುಗಳು ಜನವರಿ 10ರಂದು ಬೆಳಗಿನ ಜಾವ 4 ಗಂಟೆಗೆ ಶಿವಮೊಗ್ಗದ ಗೋಪಿ ವೃತ್ತದಿಂದ ಹೊರಡುತ್ತವೆ. ದಾರಿ ಎರಡೂವರೆ ಸಾವಿರ ಕಿ.ಮೀ.ಗೂ ಹೆಚ್ಚು.

ಕಾರಿನವರು ಗಮನಿಸಿ: ಶಿವಮೊಗ್ಗದಲ್ಲಿ ರೇಡಿಯೇಟರಿಗೆ ನಲ್ಲಿ ನೀರು ಸುರಿದರೂ ನಡೆದೀತು, ಅಲ್ಲಿ ಅದು ರಾತ್ರಿ ಹೆಪ್ಪುಗಟ್ಟಿ ಎಂಜಿನ್ನನ್ನೇ ಸೀಳಬಹುದು. ಜನವರಿ 6ರೊಳಗೆ ಗ್ಯಾರೇಜಿನಲ್ಲಿ ಕೂಲಂಟ್ ಬದಲಿಸಿ, ಬ್ಯಾಟರಿ, ಟೈರು ತೋರಿಸಿ. ವೈಪರ್ ನೀರಿಗೂ ಇದೇ ಮಾತು. ಮನಾಲಿಯಲ್ಲಿ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಚಳಿಗೆ ಕಚ್ಚಿಕೊಂಡುಬಿಡಬಹುದು. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ.

ಒಬ್ಬರಿಗೆ ಒಂದೇ ಚೀಲ. ಒದ್ದೆಯಾದ ಹತ್ತಿ ಬಟ್ಟೆ ಬೇಗ ಒಣಗುವುದಿಲ್ಲ, ಉಣ್ಣೆಯದನ್ನು ತನ್ನಿ. ಆಗುಂಬೆಯ ಮಳೆ ತಡೆದ ಜರ್ಕಿನ್ ಹಿಮವನ್ನೂ ತಡೆದೀತೆಂಬ ಭರವಸೆ ಬೇಡ. ಕಪ್ಪು ಕನ್ನಡಕ ಶೋಕಿಗಲ್ಲ, ಹಿಮದ ಮೇಲಿನ ಬಿಸಿಲು ಕಣ್ಣು ಸುಡುತ್ತದೆ. ಕೋಡುಬಳೆ, ಚಟ್ನಿಪುಡಿ ಎಷ್ಟಾದರೂ ಇರಲಿ. ಅಪ್ಪೆಮಿಡಿ ಭರಣಿ ಮಾತ್ರ ಬೇಡವೇ ಬೇಡ, ರಸ ಸೋರಿದರೆ ದೆಹಲಿಯವರೆಗೂ ಅದೇ ಘಮ.

ಸ್ಕೀ ಬೂಟಿಗೆ ಬೇಕಾದದ್ದು ಪಾದದ ಉದ್ದ. ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು, ಹೆಬ್ಬೆರಳ ತುದಿಯವರೆಗೆ ಸೆಂಟಿಮೀಟರಿನಲ್ಲಿ ಅಳೆದು, ಹೆಸರಿನೊಂದಿಗೆ ಭಾನುವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳೆಸುವವರೂ ಈಗಲೇ ತಿಳಿಸಿ, ಮುಂದಿನ ಸೀಟು ಅವರಿಗೆ.